ಮುಳ್ಳುತಲೆ ಹುಳ ಮತ್ತು ಗುಬ್ಬಿಯ ಮಡಕೆ

ಲ್ಯಾಬ್ ಅಟೆಂಡರ್ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಮೊದಲು ಕೇಳುವುದು ರಜೆ ಎಷ್ಟು ಅಂತ. ಆಮೇಲೆ, ಆ ಫಾರ್ಮಲಿನ್‌ಗೆ ಕಣ್ಣು ಉರಿಯುವುದಿಲ್ಲವೇ ಅಂತ. ರಜೆ ಕಮ್ಮಿ, ಕಣ್ಣು ಉರಿಯುತ್ತದೆ. ಅಲ್ಲಿಗೆ ಆ ಎರಡು ಪ್ರಶ್ನೆ ಮುಗಿಯಿತು. ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಸಾಹೇಬರೇ, ಈ ಕೆಲಸದಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು? ಕೇಳದಿದ್ದರೂ ಹೇಳುತ್ತೇನೆ. ಇಷ್ಟು ವರ್ಷ ಗಾಜಿನ ಬಾಟಲಿ ತೊಳೆದವನಿಗೆ ಅಷ್ಟಾದರೂ ಹಕ್ಕು ಬೇಡವೇ?

ನನ್ನ ಹೆಸರು ರಹೀಂ. ತುಮಕೂರಿನ ಪೇಟೆಯಲ್ಲಿ ನಮ್ಮ ಅಬ್ಬಾನ ಗಡಿಯಾರ ರಿಪೇರಿ ಅಂಗಡಿ ಇತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಎತ್ತುವುದನ್ನು ನಾನು ಮೀಸೆ ಮೂಡುವ ಮೊದಲೇ ಕಲಿತಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಊರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಅಟೆಂಡರ್ ಬೇಕಾಗಿತ್ತು. ಸಂದರ್ಶನದಲ್ಲಿ ವಿಭಾಗದ ಮುಖ್ಯಸ್ಥರು, ನಾವೆಲ್ಲ ಎಚ್ಚೋಡಿ ಎನ್ನುತ್ತಿದ್ದವರು, "ನಿಮಗೆ ಬರುವುದೇನು?" ಅಂದರು. ನಾನು ಅವರ ಕೈಗಡಿಯಾರ ಬಿಚ್ಚಿಸಿಕೊಂಡು, ನಿಧಾನವಾಗಿ ಓಡುತ್ತಿದ್ದದ್ದನ್ನು ಸರಿ ಮಾಡಿ ಕೊಟ್ಟೆ. ಕೆಲಸ ಸಿಕ್ಕಿತು. ಆ ಗಡಿಯಾರ ತಿಂಗಳೊಳಗೆ ನಿಂತೇ ಹೋಯಿತು, ಅದು ಬೇರೆ ಮಾತು.

ನನ್ನನ್ನು ಹಾಕಿದ್ದು ಸುಮಿತ್ರಾ ಮೇಡಂ ಕೈಕೆಳಗೆ. ತುಮಕೂರಿನದೇ ಸದಾಶಿವನಗರದಿಂದ ದಿನವೂ ನಡೆದು ಬರುತ್ತಿದ್ದರು. ಗಂಜಿ ಹಾಕಿದ ಹತ್ತಿ ಸೀರೆ, ದಪ್ಪ ಕನ್ನಡಕ, ಕಂಕುಳಲ್ಲಿ ಸದಾ ಒಂದು ಫೈಲು. ಪಾಠ ಮಾಡುತ್ತಲೇ ಪಿಎಚ್‌ಡಿಗೆ ಓದುತ್ತಿದ್ದರು. ಅವರ ವಿಷಯ ಮೀನಿನ ಹೊಟ್ಟೆಯ ಮುಳ್ಳುತಲೆ ಹುಳ.

ಮೊದಲ ದಿನ ನನಗೆ ತೋರಿಸಿದಾಗ ಇದಕ್ಕೂ ಒಂದು ಪಿಎಚ್‌ಡಿಯಾ ಅನ್ನಿಸಿತ್ತು. ನೋಡಲು ಬಿಳಿ ದಾರದ ತುಂಡು. ಬಾಯಿಲ್ಲ, ಹೊಟ್ಟೆಯಿಲ್ಲ. ಮುಂದಿನ ತುದಿಯಲ್ಲಿ ಒಂದು ಪುಟ್ಟ ಸೊಂಡಿಲು, ಅದರ ಸುತ್ತ ಸಾಲು ಸಾಲು ಕೊಕ್ಕೆಮುಳ್ಳು. ಆ ಮುಳ್ಳನ್ನು ಮೀನಿನ ಕರುಳಿನ ಗೋಡೆಗೆ ಚುಚ್ಚಿ ನೇತುಬೀಳುತ್ತದೆ, ಮೈಯಿಂದಲೇ ಹೀರಿಕೊಂಡು ಬದುಕುತ್ತದೆ. ಯಾವ ಜಾತಿಯ ಹುಳ ಎಂದು ಹೇಳಬೇಕಾದರೆ ಆ ಮುಳ್ಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಫಜೀತಿ ಇರುವುದು ಇಲ್ಲೇ. ಹುಳಕ್ಕೆ ಗಾಬರಿಯಾದರೆ ಸೊಂಡಿಲನ್ನು ಕಾಲುಚೀಲ ತಿರುವಿದ ಹಾಗೆ ಒಳಕ್ಕೆಳೆದುಕೊಂಡು ಬಿಡುತ್ತದೆ. ಹಾಗೆಯೇ ಸ್ಪಿರಿಟ್‌ಗೆ ಹಾಕಿದರೆ ಮುಗಿಯಿತು, ಮತ್ತೆ ಹೊರಗೆ ಬರುವುದಿಲ್ಲ. ತಣ್ಣನೆಯ ನೀರಿನಲ್ಲಿ ಬಹಳ ಹೊತ್ತು ಬಿಟ್ಟರೆ ಮೈ ಸಡಿಲಿಸಿ ಸೊಂಡಿಲು ಹೊರಗೆ ಹಾಕುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಅದಕ್ಕೆ ಫ್ರಿಜ್ ಬೇಕು. ನಮ್ಮ ಕಾಲೇಜಿನಲ್ಲಿ ಫ್ರಿಜ್ ಇರಲಿಲ್ಲ. ನಲ್ಲಿಯ ನೀರು ಬೇಸಿಗೆಯಲ್ಲಿ ಕಾಫಿಗೆ ಆಗುವಷ್ಟು ಬೆಚ್ಚಗೆ ಬರುತ್ತಿತ್ತು.

ಹುಳ ಎಲ್ಲಿಂದ ತರುವುದು? ಮೇಡಂ ಅದಕ್ಕೊಂದು ಏರ್ಪಾಟು ಮಾಡಿದ್ದರು. ಗುಬ್ಬಿಯ ಸಂತೆಯಲ್ಲಿ ಪುಟ್ಟತಾಯಮ್ಮ ಎಂಬಾಕೆ ಮೀನು ಮಾರುತ್ತಿದ್ದಳು. ಅವಳ ಅಣ್ಣ ಅಲ್ಲೇ ಹತ್ತಿರದ ಕಡಬದ ಕೆರೆಯಲ್ಲಿ ಬಲೆ ಬೀಸುವವರ ಹಿರಿಯ. ಕೆರೆಯ ಕೊರವ ಮೀನನ್ನು ನೀರು ತುಂಬಿದ ಮಡಕೆಯಲ್ಲಿ ಜೀವಂತ ತಂದು, ಗಿರಾಕಿ ಎದುರಿಗೇ ಕುಯ್ದು ಕೊಡುತ್ತಿದ್ದಳು. ಕೊರವಕ್ಕೆ ಗಾಳಿಯೂ ಸಾಕು, ಸುಲಭಕ್ಕೆ ಸಾಯುವುದಿಲ್ಲ. ಮೀನು ಬದುಕಿದ್ದರೆ ಅದರೊಳಗಿನ ಹುಳವೂ ಬದುಕಿರುತ್ತದೆ. ಮಾಂಸ ಗಿರಾಕಿಗೆ, ಕರುಳು ನಮಗೆ. ಕಾಗೆಗೆ ಹೋಗುತ್ತಿದ್ದ ಕರುಳು ಹಾರ್ಲಿಕ್ಸ್ ಬಾಟಲಿಯಲ್ಲಿ ಬಸ್ಸು ಹತ್ತಿ ತುಮಕೂರಿಗೆ ಬರುತ್ತಿತ್ತು. ಆ ಬಾಟಲಿ ತರುವವನು ನಾನು.

ಬಸ್ಸಿನ ಕಂಡಕ್ಟರ್ ಮೊದಲ ಸಲವೇ ಮೂಗು ಮುಚ್ಚಿಕೊಂಡ.

"ರೀ ಸಾಬ್ರೇ, ಏನ್ರೀ ಅದು ಬಾಟ್ಲಲ್ಲಿ?"

"ಸರ್ಕಾರಿ ಸಾಮಾನು ಸ್ವಾಮಿ."

"ಸರ್ಕಾರಿ ಸಾಮಾನು ಈ ಪಾಟಿ ನಾರ್ತದಾ? ಹೋಗಿ ಹಿಂದ್ಗಡೆ ಸೀಟಲ್ಲಿ ಕೂತ್ಕಳಿ, ಕಿಟಕಿ ತೆಗ್ದು."

ಆರು ತಿಂಗಳಲ್ಲಿ ಅದೇ ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಇವತ್ತು ಹುಳ ಸಿಕ್ತಾ ಸಾಬ್ರೇ?" ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ನಾನು ತಲೆಯಾಡಿಸಿದರೆ ಅವನಿಗೇ ಲಾಟರಿ ಹೊಡೆದಷ್ಟು ಖುಷಿ.

ಎಚ್ಚೋಡಿ ಸಾಹೇಬರಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. ನಾನು ಬಾಟಲಿ ಹಿಡಿದು ವರಾಂಡಕ್ಕೆ ಬಂದ ಕೂಡಲೇ ಅವರ ಕೋಣೆಯಲ್ಲಿ ಊದುಬತ್ತಿ ಹತ್ತಿಕೊಳ್ಳುತ್ತಿತ್ತು. "ರಹೀಂ, ನಿಮ್ಮ ಮೇಡಂ ಪಿಎಚ್‌ಡಿ ಮುಗಿಸೋ ಹೊತ್ತಿಗೆ ನಾನೊಬ್ಬನೇ ಅಲ್ಲಪ್ಪ, ಈ ಕಾಂಪೌಂಡಿನ ಬೆಕ್ಕುಗಳೂ ರಿಟೈರ್ ಆಗಿರ್ತವೆ" ಎನ್ನುತ್ತಿದ್ದರು. ಮಾತಿನಲ್ಲಿ ಸ್ವಲ್ಪ ಸತ್ಯವೂ ಇತ್ತು. ಮೇಡಂಗೆ ವಿಶ್ವವಿದ್ಯಾಲಯ ಒಮ್ಮೆ ಅವಧಿ ವಿಸ್ತರಿಸಿ ಆಗಿತ್ತು. ಈ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಅಷ್ಟು ವರ್ಷದ ಕೆಲಸ ನೀರುಪಾಲು. ಬರವಣಿಗೆ ಮುಗಿದಿತ್ತು. ಒಂದೇ ಒಂದು ಅಧ್ಯಾಯ ಬಾಕಿ. ಕಡಬದ ಕೊರವದಲ್ಲಿ ಒಮ್ಮೆ ಕಂಡು ಮರೆಯಾಗಿದ್ದ ಒಂದು ಬಗೆಯ ಹುಳ, ಅದರ ಸೊಂಡಿಲು ಪೂರ್ತಿ ಹೊರಗಿರುವ ನಾಲ್ಕಾರು ಒಳ್ಳೆಯ ಸ್ಲೈಡುಗಳು ಬೇಕಾಗಿದ್ದವು.

ಆ ಹುಳ ಸಿಕ್ಕಿತು. ಸಿಕ್ಕಿದ ದಿನವೇ ನಾನು ಅದನ್ನು ಹಾಳು ಮಾಡಿದೆ.

ಫೆಬ್ರವರಿಯ ಒಂದು ಸಂತೆ. ಪುಟ್ಟತಾಯಮ್ಮ ಮೊಳಕೈಯುದ್ದದ ಒಂದು ಕೊರವ ಕುಯ್ದು, ಕರುಳು ಕೈಗೆತ್ತಿಕೊಂಡು, "ಏನ್ಲಾ ಸಾಬ್ರೇ, ಇದೇನು ಶಾವ್ಗೆ ತುಂಬ್ಕಂಡೈತೆ!" ಅಂದಳು. ನಾನು ಕುಣಿದಾಡಿಕೊಂಡು ಬಸ್ಸು ಹತ್ತಿದೆ. ಕಾಲೇಜಿಗೆ ಬಂದರೆ ಮೇಡಂ ಪರೀಕ್ಷೆಯ ಮೇಲ್ವಿಚಾರಣೆಗೆ ಹೋಗಿದ್ದಾರೆ, ಮೂರು ಗಂಟೆಗೆ ಬರುತ್ತಾರೆ. ಅವರು ಯಾವಾಗಲೂ ಹೇಳುತ್ತಿದ್ದದ್ದು, "ರಹೀಂ, ಕರುಳು ಬಿಡಿಸಿ ಟ್ರೇನಲ್ಲಿಡಿ. ಹುಳ ಮುಟ್ಟಬೇಡಿ, ನಾನೇ ತೆಗೀತೀನಿ."

ಆದರೆ ನಾನು ಗಡಿಯಾರದವನ ಮಗ. ನನಗೆ ಚಿಮಟ ಹಿಡಿಯಲು ಯಾರು ಹೇಳಿಕೊಡಬೇಕು? ಮೇಡಂ ಬರುವಷ್ಟರಲ್ಲಿ ಎಲ್ಲ ತೆಗೆದು ಸಾಲಾಗಿ ಜೋಡಿಸಿಟ್ಟರೆ ಭೇಷ್ ಅನ್ನುತ್ತಾರೆ ಎಂದುಕೊಂಡೆ. ಅಬ್ಬಾನ ಅಂಗಡಿಯಿಂದ ತಂದಿಟ್ಟುಕೊಂಡಿದ್ದ ಸಣ್ಣ ಚಿಮಟ ತೆಗೆದೆ. ಒಂದೊಂದನ್ನೇ ಬಾಲದ ಹತ್ತಿರ ಹಿಡಿದು ಟಕ್ ಎಂದು ಕಿತ್ತೆ. ಎಷ್ಟು ಚೆನ್ನಾಗಿ ಬಂದವು ಅಂತೀರಿ! ಕಿತ್ತು, ತೊಳೆದು, ಸ್ಪಿರಿಟ್‌ನಲ್ಲಿ ಹಾಕಿ, ಬಾಟಲಿಗೆ ಚೀಟಿ ಅಂಟಿಸಿ, ಕೈಕಟ್ಟಿ ನಿಂತೆ.

ಮೇಡಂ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಒಂದು ನೋಡಿದರು, ಇನ್ನೊಂದು ನೋಡಿದರು, ಮತ್ತೊಂದು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು.

"ರಹೀಂ, ಇವಕ್ಕೆ ತಲೆ ಎಲ್ಲಿ?"

ನಾನೂ ಬಗ್ಗಿ ನೋಡಿದೆ. ಮುಳ್ಳುತಲೆ ಹುಳ ಹೌದು, ತಲೆಯೇ ಇಲ್ಲ. ಕಿತ್ತಾಗ ಮೈ ನನ್ನ ಚಿಮಟಕ್ಕೆ ಬಂದಿತ್ತು, ತಲೆ ಕರುಳಿನಲ್ಲೇ ಉಳಿದಿತ್ತು. ಆ ಕರುಳನ್ನು ನಾನಾಗಲೇ ಹಿತ್ತಲಿಗೆ ಎಸೆದಿದ್ದೆ. ಎಚ್ಚೋಡಿ ಹೇಳಿದ ಬೆಕ್ಕುಗಳಿಗೆ ಅವತ್ತು ಹಬ್ಬ.

ನನ್ನ ಬಾಯಿಂದ ಆಗ ಬಂದ ಮಾತನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. "ಮೇಡಂ, ಆಯಮ್ಮ ಕುಯ್ಯುವಾಗ ಕತ್ತಿ ತಾಗಿರಬೇಕು" ಅಂದುಬಿಟ್ಟೆ. ಕೆಲಸ ಹೋದೀತು ಎಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಗಡಿಯಾರದವನ ಮಗನ ಕೈ ತಪ್ಪಿತು ಎಂದು ಒಪ್ಪಿಕೊಳ್ಳುವ ಸಂಕಟ. ಮೇಡಂ ಬಾಟಲಿಗೆ ಮುಚ್ಚಳ ಹಾಕಿ ಬೀರುವಿಗೆ ಸೇರಿಸಿದರು.

ನನ್ನ ಸುಳ್ಳು ಅಲ್ಲಿಗೇ ಮುಗಿಯುತ್ತದೆ ಅಂದುಕೊಂಡಿದ್ದೆ. ಮುಂದಿನ ಸಂತೆಗೆ ಮೇಡಂ ತಾವೇ ನನ್ನ ಜೊತೆ ಗುಬ್ಬಿಗೆ ಹೊರಟರು. ಗಿರಾಕಿಗಳು ಮುತ್ತಿಕೊಂಡಿದ್ದ ಹೊತ್ತಿನಲ್ಲೇ, ಕ್ಲಾಸಿನಲ್ಲಿ ಪಾಠ ಮಾಡುವ ದನಿಯಲ್ಲಿ, "ನೋಡಮ್ಮ, ಕುಯ್ಯುವಾಗ ಕತ್ತಿ ಕರುಳಿಗೆ ತಾಗಿಸಬೇಡ. ನಿನ್ನ ಮೀನಿನಲ್ಲಿದ್ದ ಹುಳಗಳ ತಲೆಯೆಲ್ಲ ಕತ್ತರಿಸಿ ಹೋಗಿದೆ" ಅಂದರು.

ಗಿರಾಕಿಗಳಿಗೆ ಕೇಳಿಸಿದ್ದು ಒಂದೇ ಮಾತು, ಹುಳ. ಒಬ್ಬಾಕೆ ಕೈಲಿದ್ದ ಮೀನನ್ನು ಹಾಗೇ ಪುಟ್ಟತಾಯಮ್ಮನ ಬುಟ್ಟಿಗೆ ವಾಪಸ್ ಹಾಕಿದಳು. ಇನ್ನೊಬ್ಬ ಚೀಲ ಮಡಚಿದ. ನೋಡನೋಡುತ್ತಿದ್ದಂತೆ ಪುಟ್ಟತಾಯಮ್ಮನ ಎದುರಿನ ಜಾಗ ಬಯಲಾಯಿತು.

ಅವಳು ಕತ್ತಿ ಕೆಳಗಿಟ್ಟು ಎದ್ದು ನಿಂತಳು. "ನಾನು ಲಂಗ ಉಟ್ಕಂಡಾಗಿಂದ ಮೀನ್ ಕುಯ್ದೋಳು ಕಣವ್ವ. ಕರುಳಿಗೆ ಕತ್ತಿ ತಾಗ್ಸಿದ್ರೆ ಮೀನೆಲ್ಲ ಕಹಿಯಾಯ್ತದೆ, ಅಷ್ಟೂ ತಿಳೀದೋಳಾ ನಾನು? ನನ್ನ ಮೀನ್ನಾಗೆ ಹುಳ ಅಂತ ಸಂತೇಲಿ ನಿಂತು ಕೂಗ್ತೀರಲ್ಲ, ನಾಳಿಕ್ಕೆ ಯಾರು ತಗಂತಾರೆ? ಹೋಗ್ರಿ, ಹೋಗ್ರಿ. ಇನ್ನ ನಿಮ್ಗೆ ಒಂದು ಎಳೆ ಕರುಳೂ ಇಲ್ಲ."

ಹೇಳುತ್ತಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಅಲ್ಲಿಂದ ಮೂರು ವಾರ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕಡಬಕ್ಕೇ ಹೋದೆ. ಬಲೆಯವರು, "ತಂಗಿ ಹೇಳ್ದೆ ನಾವು ಕೊಡಾಕಿಲ್ಲ" ಅಂದರು. ಕುಣಿಗಲ್‌ಗೆ ಹೋದೆ. ಅಲ್ಲಿ ಸಿಕ್ಕಿದ್ದೆಲ್ಲ ಮೀನುಗಾರಿಕೆ ಇಲಾಖೆಯವರು ಬಿಟ್ಟು ಬೆಳೆಸಿದ ಕಾಟ್ಲ ಮೀನು. ಕಷ್ಟಪಟ್ಟು ಹಿಡಿಸಿದ ಎರಡು ಕೊರವ, ನಡುಬಿಸಿಲಲ್ಲಿ ಬಸ್ಸು ಕೆಟ್ಟು ನಿಂತು ನೀರು ಕಾದು, ದಾರಿಯಲ್ಲೇ ಸತ್ತವು, ಒಳಗಿನ ಹುಳ ಸೊಂಡಿಲು ಒಳಗೆಳೆದುಕೊಂಡೇ ಸತ್ತಿತ್ತು. ತುಮಕೂರಿನ ಮಾರ್ಕೆಟ್ಟಿಗೆ ಮಂಗಳೂರಿಂದ ಐಸ್‌ನಲ್ಲಿ ಬರುವ ಬಂಗಡೆಯನ್ನೂ ಬಿಡಲಿಲ್ಲ. ಸಮುದ್ರದ ಮೀನಿನಲ್ಲೂ ಮುಳ್ಳುತಲೆ ಇರುತ್ತದೆ, ಆದರೆ ಅದರ ಕುಲವೇ ಬೇರೆ. ಮೇಡಂ ಅದನ್ನು ನೋಡಿ ನಕ್ಕು, "ರಹೀಂ, ಅರಬ್ಬಿ ಸಮುದ್ರ ಕಡಬದ ಕೆರೆಗೆ ಬರಲ್ಲ ಬಿಡಿ" ಅಂದರು. ಆ ನಗು ನೋಡಲಾರದೆ ನಾನು ಬಾಟಲಿ ತೊಳೆಯುವ ನೆಪದಲ್ಲಿ ಹೊರಗೆ ಹೋದೆ. ಪ್ರಬಂಧದ ಗಡುವಿದ್ದ ಏಪ್ರಿಲ್ ಹತ್ತಿರ ಬರುತ್ತಿತ್ತು. ಒಂದು ದಿನ ಅವರು ಆ ಕೊನೆಯ ಅಧ್ಯಾಯದ ಹಾಳೆಗಳಿಗೆ ದಾರ ಕಟ್ಟಿ ಬೀರುವಿನ ಕೆಳಗಿನ ಖಾನೆಗೆ ಸೇರಿಸುವುದನ್ನು ನೋಡಿದೆ. ಇನ್ನು ಸುಳ್ಳು ಮುಚ್ಚಿಟ್ಟುಕೊಳ್ಳಲು ಸಾಧ್ಯವಿಲ್ಲ ಅನ್ನಿಸಿತು. ಮರುದಿನ ಸಂತೆ, ಮೊದಲ ಬಸ್ಸಿಗೇ ಗುಬ್ಬಿಗೆ ಹೋದೆ.

ಪುಟ್ಟತಾಯಮ್ಮ ಮಡಕೆ ಮುಂದೆ ಒಬ್ಬಳೇ ಕೂತಿದ್ದಳು. ಮೀನಿತ್ತು, ಜನ ಇರಲಿಲ್ಲ. ನಾನು ಅವಳೆದುರು ಕುಕ್ಕರಗಾಲಲ್ಲಿ ಕೂತೆ.

"ಅಮ್ಮ, ತಲೆ ತೆಗ್ದಿದ್ದು ನಿಮ್ಮ ಕತ್ತಿ ಅಲ್ಲ. ನನ್ನ ಚಿಮಟ. ನಾನು ಮೇಡಂಗೆ ಸುಳ್ಳು ಹೇಳ್ದೆ."

ಅವಳು ನನ್ನನ್ನೇ ನೋಡಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು.

"ನಂಗೆ ಅವತ್ತೇ ಅನುಮಾನ ಇತ್ತು ಕಣ್ಲಾ. ನೀನು ನೆಲ ನೋಡ್ದಲ್ಲ," ಅಂದಳು. ಆಮೇಲೆ ಖಾಲಿ ಬುಟ್ಟಿಯೊಂದನ್ನು ಕವುಚಿ ಹಾಕಿದಳು. "ಹತ್ತು ಇದರ ಮ್ಯಾಲೆ. ಸಂತೇಲಿ ಆಡಿದ್ ಮಾತು ಸಂತೇಲೇ ವಾಪಸ್ ಆಗ್ಬೇಕು. ನಂಗೆ ಹೇಳಿದ್ದ ಎಲ್ರಿಗೂ ಹೇಳು."

ಹತ್ತಿದೆ. ಬುಟ್ಟಿ ಕಿರ್ರೆಂದಿತು. ನನಗೆ ಭಾಷಣ ಗೊತ್ತಿಲ್ಲ. ಆದರೂ ಕೂಗಿದೆ: "ಸ್ವಾಮಿ, ಅಣ್ಣಂದಿರಾ, ತಾಯಂದಿರಾ! ಈ ಹುಳ ಇರೋದು ಕರುಳಲ್ಲಿ ಮಾತ್ರ. ಕರುಳು ಕಾಗೆಗೆ ಹೋಗ್ತದೆ, ಇಲ್ಲಾ ನಮ್ಮ ಕಾಲೇಜಿಗೆ ಬರ್ತದೆ. ಮಾಂಸಕ್ಕೆ ಏನೂ ಆಗಿಲ್ಲ. ಈಯಮ್ಮನ ಕೈ ಶುದ್ಧ. ತಪ್ಪೆಲ್ಲ ನಂದು!" ಜೇಬಿನಿಂದ ಅಬ್ಬಾನ ಭೂತಗನ್ನಡಿ ತೆಗೆದೆ. ಪುಟ್ಟತಾಯಮ್ಮ ಒಂದು ಕೊರವ ಕುಯ್ದು, ಕರುಳನ್ನು ಎಲೆಯ ಮೇಲೆ ಬೇರೆ, ಮಾಂಸವನ್ನು ಬೇರೆ ಇಟ್ಟಳು. ಜನ ಸಾಲುಗಟ್ಟಿದರು. ಬಾಡು ಅಂದರೆ ಪ್ರಾಣ ಬಿಡುವಂತಿದ್ದ ಒಬ್ಬ ಮುದುಕ ಭೂತಗನ್ನಡಿಯಲ್ಲಿ ಹುಳವನ್ನೂ ನೋಡಿ, ಮಾಂಸವನ್ನೂ ನೋಡಿ, ಕೊನೆಗೆ ನನ್ನ ಮುಖವನ್ನೂ ಅದರಲ್ಲೇ ನೋಡಿ ತೀರ್ಪು ಕೊಟ್ಟ: "ಮೀನು ಸಂದಾಗೈತೆ. ಹುಳಾನೂ ಪಾಪದ್ದೇಯ. ಸರಿಯಿಲ್ದೋನು ಇವನೊಬ್ನೇ." ಸಂತೆಗೆ ಸಂತೆಯೇ ನಕ್ಕಿತು. ಮೊದಲ ಮೀನು ಅವನೇ ತೆಗೆದುಕೊಂಡ.

ಜನ ಕರಗಿದ ಮೇಲೆ ನಾನು ಆ ಎಲೆಯ ಮೇಲಿನ ಕರುಳನ್ನು ನೋಡಿದೆ. ಶಾವಿಗೆ! ಅದೇ ಹುಳ. ಕೈ ತಾನಾಗಿಯೇ ಜೇಬಿನ ಚಿಮಟಕ್ಕೆ ಹೋಯಿತು.

ಪುಟ್ಟತಾಯಮ್ಮ ನನ್ನ ಕೈಮೇಲೆ ಪಟ್ಟನೆ ಹೊಡೆದಳು. "ಎಳೀಬ್ಯಾಡ ಕಣ್ಲಾ! ದನಕ್ಕೆ ಉಣ್ಣೆ ಕಚ್ಚಿದ್ದು ಕಂಡಿಲ್ವಾ? ಎಳುದ್ರೆ ತಲೆ ಅಲ್ಲೇ ಉಳೀತದೆ. ಸುಮ್ಕಿದ್ರೆ ಅದೇ ಬುಡ್ತದೆ." ಮೀನಿಲ್ಲದ ಒಂದು ಸಣ್ಣ ಮಡಕೆಗೆ ಕುಡಿಯುವ ನೀರು ಸುರಿದು, ಕರುಳನ್ನು ಅದರೊಳಗಿಟ್ಟು, ಒದ್ದೆ ಗೋಣಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಅಲುಗಾಡಿಸ್ದಂಗೆ ತಗಂಡ್ ಹೋಗು."

ಕಂಡಕ್ಟರ್ ನನ್ನ ಮಡಕೆಗೆ ಮುಂದಿನ ಸೀಟು ಬಿಡಿಸಿಕೊಟ್ಟ. ಕಾಲೇಜಿನಲ್ಲಿ ನೆರಳಿನ ಮೂಲೆಯಲ್ಲಿಟ್ಟು, ಗೋಣಿ ಒಣಗಿದಂತೆಲ್ಲ ನೀರು ಚಿಮುಕಿಸುತ್ತ ಕಾದೆ. ಮಧ್ಯಾಹ್ನ ಕಳೆದ ಮೇಲೆ ನೀರನ್ನು ಗಾಜಿನ ತಟ್ಟೆಗೆ ಬಸಿದರೆ, ಅಲ್ಲಾ! ಹುಳಗಳು ತಾವಾಗಿಯೇ ಕರುಳು ಬಿಟ್ಟಿದ್ದವು. ಮೈ ತುಂಬಿಕೊಂಡು, ಒಂದೊಂದೂ ಸೊಂಡಿಲು ಪೂರ್ತಿ ಹೊರಗೆ ಹಾಕಿ, ಮುಳ್ಳು ಬಿಚ್ಚಿಕೊಂಡು ಮಲಗಿದ್ದವು. ಓಡಿಹೋಗಿ ಮೇಡಂರನ್ನು ಕ್ಲಾಸಿನಿಂದಲೇ ಕರೆದೆ.

ಅವರು ಕಣ್ಣಿಟ್ಟು ಮುಳ್ಳು ಎಣಿಸತೊಡಗಿದರು, ತುಟಿ ಅಲುಗುತ್ತಿತ್ತು. ಎಣಿಸುವುದು ಮುಗಿದರೂ ಕಣ್ಣು ತೆಗೆಯಲಿಲ್ಲ. "ಫ್ರಿಜ್ ಎಲ್ಲಿ ಸಿಕ್ತು ರಹೀಂ?" ಅಂದರು. ಮಡಕೆ ತೋರಿಸಿದೆ. ಅವರು ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಲ್ಲಿಗೆ ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಆದರೆ ಗುಬ್ಬಿಯ ಸಂತೆಗೆಲ್ಲ ಗೊತ್ತಿರುವುದು ಇವರೊಬ್ಬರಿಗೆ ಗೊತ್ತಿಲ್ಲವೆಂದರೆ ಹೇಗೆ? ಹೇಳಿದೆ. ಮೇಡಂ ಮುಖ ಕೆಂಪಾಯಿತು.

"ಹಾಗಾದ್ರೆ ನಾನು ಆಯಮ್ಮನಿಗೆ ಅಂದ ಮಾತು?"

"ತಪ್ಪು ನಂದೇ ಮೇಡಂ."

"ಅಂದದ್ದು ನಾನಲ್ವೇನ್ರೀ!"

ಮುಂದಿನ ಸಂತೆಗೆ ಮೇಡಂ ಗುಬ್ಬಿಗೆ ಬಂದು, ಗಂಜಿ ಹಾಕಿದ ಸೀರೆಯಲ್ಲೇ ಪುಟ್ಟತಾಯಮ್ಮನ ಪಕ್ಕ ಗೋಣಿಚೀಲದ ಮೇಲೆ ಕೂತರು. "ತಪ್ಪಾಯ್ತು ಕಣಮ್ಮ" ಅಂದರು. ಪುಟ್ಟತಾಯಮ್ಮ ಗಡಿಬಿಡಿಯಿಂದ ಅವರ ಸೀರೆಯ ಅಂಚನ್ನು ನೀರಿನಿಂದ ಆಚೆ ಸರಿಸುತ್ತಾ, "ಅಯ್ಯೋ ಬುಡವ್ವ, ಎದ್ದೇಳು, ಸೀರೆ ನಾರ್ತದೆ" ಅಂದಳು. ಮೇಡಂ ಏಳಲಿಲ್ಲ. ಅವತ್ತಿನ ಮೀನೆಲ್ಲ ಖಾಲಿಯಾಗುವ ತನಕ ಅಲ್ಲೇ ಕೂತು ಮೀನು ಕುಯ್ಯುವುದನ್ನು ನೋಡಿದರು. ಅವರ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುತ್ತಿರಲಿಲ್ಲ.

ನನಗೆ ಶಿಕ್ಷೆಯೂ ಆಯಿತು. ತಲೆ ಕಿತ್ತ ಹುಳಗಳನ್ನು ಮೇಡಂ ಎಸೆಯಗೊಡಲಿಲ್ಲ. ಅದರದೊಂದು ಸ್ಲೈಡು ಮಾಡಿಸಿ, ನನ್ನ ಕೈಯಲ್ಲೇ ಚೀಟಿ ಬರೆಸಿದರು: "ತಲೆ ಇಲ್ಲ. ರಹೀಂ ಕಿತ್ತದ್ದು." ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಮೊದಲು ತೋರಿಸುತ್ತಿದ್ದದ್ದು ಆ ಸ್ಲೈಡನ್ನೇ. ಊರ್ಡಿಗೆರೆಯಲ್ಲಿ ಒಮ್ಮೆ ಒಂದು ಮದುವೆಗೆ ಹೋದಾಗ ನಮ್ಮ ಕಾಲೇಜಿನಲ್ಲಿ ಓದಿದ್ದ ಯಾರೋ ಮೇಷ್ಟ್ರು ನನ್ನ ಬೆನ್ನು ತಟ್ಟಿ, "ತಲೆ ಕಿತ್ತ ರಹೀಂ ಅಲ್ವಾ ನೀವು!" ಅಂದರು. ಪಕ್ಕದಲ್ಲಿದ್ದ ನೆಂಟರು ಸ್ವಲ್ಪ ದೂರ ಸರಿದು ಕೂತರು.

ಪ್ರಬಂಧ ಅವಧಿಯೊಳಗೇ ಹೋಯಿತು. ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು, ಫ್ರಿಜ್ ಇಲ್ಲದೆ ಇಷ್ಟು ಚೆನ್ನಾಗಿ ಸೊಂಡಿಲು ಹೇಗೆ ಬಂತು ಎಂದು ಕೇಳಿ, ಮಡಕೆಯ ವಿಷಯ ಬರೆದುಕೊಂಡು ಹೋದರಂತೆ. ಮೇಡಂ ಡಾಕ್ಟರ್ ಸುಮಿತ್ರಾ ಆದರು. ಎಚ್ಚೋಡಿ ಸಾಹೇಬರು ಇನ್ನೂ ರಿಟೈರ್ ಆಗಿರಲಿಲ್ಲ, ಬೆಕ್ಕುಗಳೂ ಆಗಿರಲಿಲ್ಲ. ಸಿಹಿ ಹಂಚಿದ ದಿನ ಅವರೇ ನನ್ನ ಕೈಗೆ ಲಾಡು ಕೊಟ್ಟು, "ಕೈ ತೊಳೆದಿದ್ದೀರಷ್ಟೇ?" ಅಂದರು.

ಪ್ರಬಂಧದ ಕೃತಜ್ಞತೆಯ ಪುಟ ಟೈಪ್ ಆಗುವ ಮೊದಲು ಮೇಡಂ ನನ್ನನ್ನು ಕರೆದು, "ನಿಮ್ದೂ ಪುಟ್ಟತಾಯಮ್ಮಂದೂ ಇಬ್ಬರ ಹೆಸರೂ ಹಾಕ್ತೀನಿ. ಯಾರದು ಮೊದಲು?" ಎಂದು ಕೇಳಿದ್ದರು. ನಾನು ಹೇಳಿದೆ. ಬೈಂಡ್ ಆಗಿ ಬಂದ ವಿಭಾಗದ ಪ್ರತಿಯನ್ನು ಒಂದು ದಿನದ ಮಟ್ಟಿಗೆ ಬೇಡಿಕೊಂಡು ಗುಬ್ಬಿಗೆ ಒಯ್ದೆ. ಪುಟ್ಟತಾಯಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಎಲ್ಲೈತೆ ನನ್ನೆಸ್ರು?"

ತೋರಿಸಿದೆ. ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಸವರಿದಳು.

"ಇಷ್ಟುದ್ದಾನಾ? ಮ್ಯಾಲೆ ಯಾರ್ದು?"

"ಮೇಲೆ ನಿಮ್ದೇ ಅಮ್ಮ. ಕೆಳಗಿರೋದು ನಂದು."

"ಹಂಗಾದ್ರೆ ಸರಿ ಬುಡು," ಅಂದು ಪುಸ್ತಕ ಮುಚ್ಚಿ ಕೊಟ್ಟಳು. ಕೊಡುವಾಗ ಅವಳ ಕಣ್ಣು ತುಂಬಿತ್ತು, ನನ್ನದೂ.

ಆಮೇಲೆ ನಮ್ಮ ಲ್ಯಾಬಿಗೂ ಫ್ರಿಜ್ ಬಂತು. ಒಳ್ಳೆಯದೇ. ಕರೆಂಟು ಹೋದಾಗ ಮಡಕೆಯೇ ಕೆಲಸಕ್ಕೆ ಬರುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಮೇಡಂ ನಿವೃತ್ತರಾದರು. ಪುಟ್ಟತಾಯಮ್ಮ ತೀರಿಕೊಂಡ ವರ್ಷ ಗುಬ್ಬಿಗೆ ಹೋಗಿ ಅವಳ ಮಗಳನ್ನು ಮಾತಾಡಿಸಿ ಬಂದೆ.

ನಾನು ನಿವೃತ್ತನಾದ ದಿನ, ನನ್ನ ಜಾಗಕ್ಕೆ ಬಂದಿದ್ದ ಶೋಭಾ ಎಂಬ ಹುಡುಗಿಗೆ ಬೀರುಗಳನ್ನೆಲ್ಲ ತೋರಿಸಿ ಒಪ್ಪಿಸುತ್ತಿದ್ದೆ. ಚುರುಕಿನ ಹುಡುಗಿ, ಅಚ್ಚುಕಟ್ಟು. ಮೇಡಂ ಪ್ರಬಂಧ ತೆಗೆದು ದೂಳು ಒರೆಸುತ್ತಾ ಕೃತಜ್ಞತೆಯ ಪುಟಕ್ಕೆ ಬಂದು ನಿಂತಳು. ಅಲ್ಲಿ, ಪುಟ್ಟತಾಯಮ್ಮನ ಹೆಸರಿನ ಪಕ್ಕದಲ್ಲಿ, ಕೊರವ ಮೀನಿನ ಒಂದು ಹುರುಪೆ. ಅವತ್ತು ಅವಳ ಬೆರಳಿನಿಂದ ಅಂಟಿಕೊಂಡದ್ದು, ಕಾಗದಕ್ಕೆ ಕಚ್ಚಿ ಕೂತಿದೆ. ಬೆಳಕಿಗೆ ಹಿಡಿದರೆ ಈಗಲೂ ಮಿಂಚುತ್ತದೆ.

"ಸಾರ್, ಇಲ್ಲೇನೋ ಕೊಳೆ ಅಂಟಿದೆ," ಎಂದು ಶೋಭಾ ಮೇಜಿನ ಮೇಲಿದ್ದ ಚಿಮಟ ಕೈಗೆತ್ತಿಕೊಂಡಳು. "ಕಿತ್ತುಬಿಡ್ಲಾ?"

ನಾನು ಅವಳ ಕೈಮೇಲೆ ಪಟ್ಟನೆ ಹೊಡೆದೆ. "ಎಳೀಬ್ಯಾಡ ಕಣಮ್ಮ" ಅಂದೆ.